ಪಿಎಸ್‌ಎ ಜೊತೆ ಕೊಲೆಸ್ಟರಾಲನ್ನೂ ನೋಡಿ: ಆರೋಗ್ಯ ಸಚಿವರಿಗೆ ಗದಗದಿಂದ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಪ್ರತಿ: ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿಯ ವೈದ್ಯಕೀಯ ಕಾಲೇಜುಗಳ ಮುಖ್ಯಸ್ಥರಿಗೆ, ಜಿಲ್ಲಾ ಆರೋಗ್ಯ ಅಧಿಕಾರಿಗಳಿಗೆ.

ವಿಷಯ: ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಪಡೆಯುತ್ತಿರುವವರ ಕೊಲೆಸ್ಟರಾಲ್ ಪರೀಕ್ಷೆ ಮತ್ತು ತಿಳಿವಳಿಕೆ ಕುರಿತು.

ಮಾನ್ಯರೇ,

ನಾನು ಗದಗದಲ್ಲಿ ರಕ್ತ ಪರೀಕ್ಷೆಯ ಸಣ್ಣ ಲ್ಯಾಬ್ ಇಟ್ಟುಕೊಂಡವನು. ಅದಕ್ಕೂ ಮೊದಲು ಹುಬ್ಬಳ್ಳಿಯಲ್ಲಿ ಬೇರೆಯವರ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದೆ. ಡಾಕ್ಟರ್ ಅಲ್ಲ, ವಿಜ್ಞಾನಿಯೂ ಅಲ್ಲ. ಆದರೆ ಡಾಕ್ಟರು ಯಾವ ಪರೀಕ್ಷೆ ಬರೆದರು, ಯಾವುದನ್ನು ಬರೆಯಲಿಲ್ಲ ಅನ್ನೋದು ನಮಗೆ ಕಂಡಷ್ಟು ಬೇರೆಯವರಿಗೆ ಕಾಣಲ್ಲ. ಚೀಟಿ ಕೊನೆಗೆ ಬರೋದು ನಮ್ಮ ಟೇಬಲ್ಲಿಗೇ ಅಲ್ವಾ?

ಆ ಚೀಟಿಗಳ ಬಗ್ಗೆಯೇ ಈ ಪತ್ರ. ಪ್ರಾಸ್ಟೇಟ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿ) ಕ್ಯಾನ್ಸರ್‌ಗೆ ಗಂಡು ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ತಗೊಳ್ಳುವ ಹಿರಿಯರು ರೋಣ, ಮುಂಡರಗಿ, ಲಕ್ಷ್ಮೇಶ್ವರ ಕಡೆಯಿಂದ ನಮ್ಮಲ್ಲಿಗೆ ಬರುತ್ತಾರೆ. ಪ್ರತಿ ಸಲ ಹುಬ್ಬಳ್ಳಿಗೆ ಹೋಗಿ ರಕ್ತ ಕೊಡೋದು ಕಷ್ಟ. ಅದಕ್ಕೆ ಇಲ್ಲೇ ಪರೀಕ್ಷೆ ಮಾಡಿಸಿ, ರಿಪೋರ್ಟ್ ಹಿಡಿದು ಬಸ್ ಹತ್ತುತ್ತಾರೆ. ಅವರ ಚೀಟಿಯಲ್ಲಿ ಹೆಚ್ಚಾಗಿ ಒಂದೇ ಸಾಲು ಇರುತ್ತದೆ: ಪಿಎಸ್‌ಎ, ಅಂದರೆ ಪ್ರಾಸ್ಟೇಟ್‌ನಿಂದ ರಕ್ತಕ್ಕೆ ಬರುವ ಒಂದು ಪ್ರೋಟೀನಿನ ಅಳತೆ. ಲಿಪಿಡ್ ಪ್ರೊಫೈಲ್ (ರಕ್ತದ ಕೊಲೆಸ್ಟರಾಲ್, ಕೊಬ್ಬಿನ ಪರೀಕ್ಷೆ) ಇರಲ್ಲ, ಸಕ್ಕರೆ ಪರೀಕ್ಷೆ ಇರಲ್ಲ. ಪಿಎಸ್‌ಎ ಇಳಿದಿದ್ದರೆ ಎಲ್ಲರೂ ಖುಷಿ. ಏರಿದ್ದರೆ ಔಷಧಿ ಬದಲು. ನಡುವೆ ಆ ಮನುಷ್ಯನ ರಕ್ತದಲ್ಲಿ ಬೇರೆ ಏನಾಗುತ್ತಿದೆ ಅಂತ ಕೇಳುವವರೇ ಇಲ್ಲ.

ನಮ್ಮ ಮನೆಯಲ್ಲೇ ಆದದ್ದನ್ನು ಹೇಳುತ್ತೇನೆ. ಆಸ್ಪತ್ರೆಯ ಹೆಸರು ಹೇಳಲ್ಲ. ಒಬ್ಬರನ್ನು ಹಿಡಿದು ಜಗ್ಗಾಡೋದು ನನ್ನ ಉದ್ದೇಶ ಅಲ್ಲ.

ನಮ್ಮ ಕಾಕಾಗೆ ಎದೆನೋವು ಬಂದು ಸ್ಟೆಂಟ್ ಹಾಕಿಸಿ ಕೆಲವು ವರ್ಷ ಆಗಿತ್ತು. ಅಂದಿನಿಂದ ಕೊಲೆಸ್ಟರಾಲ್ ಇಳಿಸುವ ಅಟೋರ್ವಾಸ್ಟಾಟಿನ್ ಗುಳಿಗೆ (ಸ್ಟಾಟಿನ್ ಗುಂಪಿನದು) ತಪ್ಪದೆ ನುಂಗುತ್ತಿದ್ದರು. ಆಮೇಲೆ ಮೂತ್ರದ ತೊಂದರೆ ಶುರುವಾಯಿತು. ಬಯಾಪ್ಸಿ ಆಯಿತು, ಕ್ಯಾನ್ಸರ್ ಅಂತ ಗೊತ್ತಾಯಿತು, ಅಷ್ಟರಲ್ಲಿ ಅದು ಎಲುಬಿಗೂ ಹೋಗಿತ್ತು. ಹಾರ್ಮೋನ್ ತಗ್ಗಿಸುವ ಇಂಜೆಕ್ಷನ್ ಶುರು ಮಾಡಿದರು. ಚಿಕಿತ್ಸೆ ಸರಿಯಾಗಿಯೇ ಇತ್ತು, ಅದರಲ್ಲಿ ನನ್ನ ತಕರಾರಿಲ್ಲ. ಪಿಎಸ್‌ಎ ಸರ್ರನೆ ಇಳಿಯಿತು. "ಪಿಎಸ್‌ಎ ಇಳದೈತಿ, ಆರಾಮ ಇರ್ರಿ" ಅಂದರು. ಹೃದಯದ ಗುಳಿಗೆ ನಡೀತಿದೆಯಾ, ಕೊಲೆಸ್ಟರಾಲ್ ಎಷ್ಟಿದೆ, ಈ ಇಂಜೆಕ್ಷನ್‌ನಿಂದ ಮೈಯಲ್ಲಿ ಏನೇನು ಬದಲಾಗುತ್ತದೆ ಅನ್ನೋ ಮಾತೇ ಬರಲಿಲ್ಲ. ಲಿಪಿಡ್ ಪ್ರೊಫೈಲ್ ಕೂಡ ಮಾಡಿಸಬೇಕಾ ಅಂತ ನಮ್ಮ ತಮ್ಮ ಕೌಂಟರಿನಲ್ಲಿ ಕೇಳಿದ. "ಅದು ಪ್ಯಾಕೇಜಿನಾಗ ಬರಂಗಿಲ್ರೀ, ಬೇಕಂದ್ರ ಹೊರಗ ಮಾಡಿಸ್ಕೋರಿ" ಅನ್ನೋ ಉತ್ತರ ಬಂತು.

ಡಾಕ್ಟರು ಹೇಳದೆ ಬಿಟ್ಟದ್ದನ್ನು ಹೇಳೋಕೆ ಬೇರೆಯವರು ತಯಾರಿದ್ದರು. ಯಾರೋ ವಾಟ್ಸ್ಆ್ಯಪ್‌ನಲ್ಲಿ ಒಂದು ವಿಡಿಯೊ ಕಳಿಸಿದರು. ಪ್ರಾಸ್ಟೇಟ್ ಕ್ಯಾನ್ಸರ್ ಬದುಕೋದೇ ಕೊಲೆಸ್ಟರಾಲ್ ತಿಂದು, ಅದನ್ನು ನಿಲ್ಲಿಸಿದರೆ ಗಡ್ಡೆ ತಾನಾಗಿಯೇ ಕರಗುತ್ತದೆ ಅಂತ ಅದರಲ್ಲಿ ಹೇಳಿದ್ದರು. ಕೆಳಗೆ ಒಂದು ಪುಡಿಯ ಡಬ್ಬಿ, ಒಂದು ಫೋನ್ ನಂಬರು. ಪುಡಿ ತಗೊಳ್ಳುವಾಗ "ಇಂಗ್ಲಿಷ್ ಗುಳಿಗೆ" ನಿಲ್ಲಿಸಬೇಕು, ಇಲ್ಲದಿದ್ದರೆ ಪುಡಿ ಹತ್ತಲ್ಲ ಅಂತ ಷರತ್ತು ಬೇರೆ. ಕಾಕಾ ಸ್ಟಾಟಿನ್ ನಿಲ್ಲಿಸಿದರು. ಚಿಗವ್ವ ಅಡಿಗೆಮನೆಯಿಂದ ಎಣ್ಣೆಯನ್ನೇ ಹೊರಗಿಟ್ಟಳು. ನಾನು ಹೋದಾಗ ತಟ್ಟೆಯಲ್ಲಿ ಎರಡು ಜೋಳದ ರೊಟ್ಟಿ, ಒಗ್ಗರಣೆ ಇಲ್ಲದ ಬೇಳೆ, ಒಂದಿಷ್ಟು ಸೌತೆಕಾಯಿ. ಅಷ್ಟೇ. "ಎಣ್ಣಿ ಬಿಡಿಸೇನಿ, ಶೇಂಗಾ ಹಿಂಡಿ ಬಿಡಿಸೇನಿ, ಹಾಲೂ ಬಿಡಿಸೇನಿ. ಇನ್ನೇನ್ ಬಿಡಿಸ್ಲಿ ಹೇಳಪಾ?" ಅಂದಳು.

ಶೇಂಗಾದಲ್ಲಿ ಕೊಲೆಸ್ಟರಾಲೇ ಇಲ್ಲ. ಕುಸುಬೆ ಎಣ್ಣೆಯಲ್ಲೂ ಇಲ್ಲ. ಗಿಡಮರದಿಂದ ಬರುವ ಯಾವ ಎಣ್ಣೆಯಲ್ಲೂ ಹೆಸರಿಗೆ ಹೇಳುವಷ್ಟು ಇಲ್ಲ. ನಮ್ಮ ರಕ್ತದಲ್ಲಿ ಓಡಾಡುವ ಕೊಲೆಸ್ಟರಾಲಿನಲ್ಲಿ ಜಾಸ್ತಿ ಭಾಗವನ್ನು ದೇಹವೇ ಮಾಡಿಕೊಳ್ಳುತ್ತದೆ. ಅದರಲ್ಲೂ ಲಿವರ್‌ನ ಪಾಲು ದೊಡ್ಡದು. ಇಷ್ಟು ಹೇಳೋಕೆ ಒಬ್ಬ ನರ್ಸ್‌ಗೆ ಎಷ್ಟು ಹೊತ್ತು ಬೇಕು? ಯಾರೂ ಹೇಳಿರಲಿಲ್ಲ.

ಮರುದಿನ ಕಾಕಾನ ರಕ್ತ ತೆಗೆದೆ. ಸೆಂಟ್ರಿಫ್ಯೂಜ್ ನಿಂತ ಮೇಲೆ ಟ್ಯೂಬಿನಲ್ಲಿ ಮೇಲೆ ನಿಲ್ಲುವ ಸೀರಂ ತಿಳಿ ಹಳದಿ ಇರಬೇಕು, ಆಚೆ ಹಿಡಿದ ಬೆರಳು ಕಾಣಬೇಕು. ಇವರದು ಬೆಳ್ಳಗೆ ಕದಡಿತ್ತು. ಅಂದರೆ ಟ್ರೈಗ್ಲಿಸರೈಡ್ ಅನ್ನೋ ರಕ್ತದ ಕೊಬ್ಬು ಸಿಕ್ಕಾಪಟ್ಟೆ ಏರಿದೆ ಅಂತ ಅರ್ಥ. ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟರಾಲ್, ನೋಡಿದರೆ 190 ದಾಟಿತ್ತು. ಸ್ಟೆಂಟ್ ಹಾಕಿಸಿಕೊಂಡ ಮನುಷ್ಯನಿಗೆ! ಎಣ್ಣೆ ಬಿಟ್ಟಿದ್ದರು, ತುಪ್ಪ ಬಿಟ್ಟಿದ್ದರು, ಆದರೂ ಏರಿತ್ತು. ಯಾಕೆಂದರೆ ಇತ್ತ ಸ್ಟಾಟಿನ್ ನಿಂತಿತ್ತು, ಅತ್ತ ಹಾರ್ಮೋನ್ ಚಿಕಿತ್ಸೆ ನಡೆದಿತ್ತು. ಗಂಡು ಹಾರ್ಮೋನಾದ ಟೆಸ್ಟೋಸ್ಟೆರೋನ್ ತಗ್ಗಿಸಿದರೆ ಮೈಯಲ್ಲಿ ಕೊಬ್ಬು ಜಾಸ್ತಿಯಾಗುತ್ತದೆ, ಸ್ನಾಯು ಕರಗುತ್ತದೆ, ಎಲ್‌ಡಿಎಲ್ ಮತ್ತು ಟ್ರೈಗ್ಲಿಸರೈಡ್ ಏರಬಹುದು, ಸಕ್ಕರೆ ಕಾಯಿಲೆ ಬರಬಹುದು, ಎಲುಬು ಸವೆಯುತ್ತದೆ. ಇದು ಹೊಸ ಸುದ್ದಿ ಏನಲ್ಲ. ಕ್ಯಾನ್ಸರ್ ವೈದ್ಯರಿಗೆ ಬಹಳ ಹಿಂದೆಯೇ ಗೊತ್ತಿರುವ ವಿಷಯ. ಪ್ರಾಸ್ಟೇಟ್ ಕ್ಯಾನ್ಸರ್ ಇರುವ ಗಂಡಸರಲ್ಲಿ ಎಷ್ಟೋ ಜನ ಕೊನೆಗೆ ತೀರಿಕೊಳ್ಳುವುದು ಹೃದಯದ ಕಾಯಿಲೆಯಿಂದ ಅನ್ನೋದೂ ಅವರಿಗೆ ಗೊತ್ತು.

ಹೃದಯದ ಲೆಕ್ಕ ಅದಾಯಿತು. ಇನ್ನು ಆ ಪುಡಿಯವನ ಮಾತಿಗೆ ಬರುತ್ತೇನೆ. ಅದು ಪೂರ್ತಿ ಸುಳ್ಳಾಗಿದ್ದರೆ ಸುಲಭವಾಗಿ ತಳ್ಳಿಹಾಕಬಹುದಿತ್ತು. ತೊಂದರೆ ಏನೆಂದರೆ ಅದರಲ್ಲಿ ಅರ್ಧ ಸತ್ಯ ಇದೆ. ಪ್ರಾಸ್ಟೇಟ್ ಕ್ಯಾನ್ಸರ್‌ಗೂ ಕೊಲೆಸ್ಟರಾಲ್‌ಗೂ ನಂಟಿರುವುದು ನಿಜ. ಆ ನಂಟನ್ನು ಜನರಿಗೆ ತಿಳಿಸಬೇಕಾದವರು ಸುಮ್ಮನಿದ್ದರೆ, ಅದರಲ್ಲಿ ಅರ್ಧವನ್ನಷ್ಟೇ ಹೇಳಿ ಡಬ್ಬಿ ಮಾರುವವರು ಬಂದೇ ಬರುತ್ತಾರೆ. ಉಳಿದರ್ಧವನ್ನು ನನಗೆ ತಿಳಿದ ಮಟ್ಟಿಗೆ ಇಲ್ಲಿ ಹೇಳುತ್ತೇನೆ. ತಪ್ಪಿದ್ದರೆ ಕಾಲೇಜಿನ ಪ್ರೊಫೆಸರುಗಳು ತಿದ್ದಲಿ.

ಕೊಲೆಸ್ಟರಾಲ್ ನೀರಿನಲ್ಲಿ ಕರಗಲ್ಲ. ಹಾಗಾಗಿ ರಕ್ತದಲ್ಲಿ ಅದು ಎಲ್‌ಡಿಎಲ್, ಎಚ್‌ಡಿಎಲ್ ಅನ್ನೋ ಸಣ್ಣ ಕಣಗಳೊಳಗೆ ಸೇರಿಕೊಂಡು ಓಡಾಡುತ್ತದೆ. ಜೀವಕೋಶಕ್ಕೆ ಕೊಲೆಸ್ಟರಾಲ್ ಬೇಕೇ ಬೇಕು, ಅದಿಲ್ಲದೆ ಕೋಶದ ಹೊರಪೊರೆಯೇ ನಿಲ್ಲಲ್ಲ. ಕೋಶದ ಮೈಮೇಲೆ ಕೂತು, ಹರಿದು ಬರುವ ಎಲ್‌ಡಿಎಲ್ ಕಣವನ್ನು ಹಿಡಿದು ಒಳಗೆ ಎಳೆದುಕೊಳ್ಳುವ ಪ್ರೋಟೀನಿಗೆ ಎಲ್‌ಡಿಎಲ್ ರಿಸೆಪ್ಟರ್ ಅಂತಾರೆ. ಇದನ್ನು ಕಂಡುಹಿಡಿದವರು ಅಮೆರಿಕದ ಡಲ್ಲಾಸ್‌ನಲ್ಲಿದ್ದ ಮೈಕೆಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೈನ್. ಕೊಲೆಸ್ಟರಾಲನ್ನು ದೇಹ ಹೇಗೆ ಹತೋಟಿಯಲ್ಲಿ ಇಟ್ಟುಕೊಳ್ಳುತ್ತದೆ ಅನ್ನೋದನ್ನು ತೋರಿಸಿದ್ದಕ್ಕೆ 1985ರಲ್ಲಿ ಇಬ್ಬರಿಗೂ ನೊಬೆಲ್ ಬಂತು.

ಆ ಹತೋಟಿಯೇ ಇಲ್ಲಿ ಮುಖ್ಯ. ಹುಬ್ಬಳ್ಳಿ-ಧಾರವಾಡದವರಿಗೆ, ನಮ್ಮ ಗದಗದವರಿಗೆ ಇದನ್ನು ವಿವರಿಸೋದು ಸುಲಭ. ನಲ್ಲಿ ನೀರು ಎಷ್ಟೋ ದಿನಕ್ಕೊಮ್ಮೆ ಬರುವ ಊರು ನಮ್ಮವು. ಎಲ್ಲರ ಮನೆಯಲ್ಲೂ ಟಾಕಿ ಇದೆ, ಅದರೊಳಗೆ ತೇಲುವ ಚೆಂಡಿನ ವಾಲ್ವ್ ಇದೆ. ಟಾಕಿ ತುಂಬಿದರೆ ಚೆಂಡು ಮೇಲೆದ್ದು ನೀರು ನಿಲ್ಲಿಸುತ್ತದೆ. ಆರೋಗ್ಯವಾಗಿರುವ ಕೋಶದಲ್ಲೂ ಇಂಥದ್ದೇ ವ್ಯವಸ್ಥೆ ಇದೆ. ಒಳಗೆ ಕೊಲೆಸ್ಟರಾಲ್ ಸಾಕಷ್ಟಿದ್ದರೆ ಹೊಸ ರಿಸೆಪ್ಟರ್ ಮಾಡೋದು ತಗ್ಗುತ್ತದೆ. ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಿದವರು ಈ ವಾಲ್ವ್ ಕೆಟ್ಟಿರುವುದನ್ನು 2001ರಲ್ಲಿ ವರದಿ ಮಾಡಿದರು. ಒಳಗೆ ತುಂಬಿದ್ದರೂ ರಿಸೆಪ್ಟರ್ ಕಡಿಮೆಯಾಗಲ್ಲ, ಎಲ್‌ಡಿಎಲ್ ಒಳಗೆ ಹೋಗುತ್ತಲೇ ಇರುತ್ತದೆ. ಹೆಚ್ಚಾದದ್ದನ್ನು ಕೋಶ ಏನು ಮಾಡುತ್ತದೆ? ನಾವು ಬ್ಯಾರಲ್ಲು, ಕೊಡ, ಬಕೆಟ್ಟು ಎಲ್ಲ ತುಂಬಿಸಿಡ್ತೀವಲ್ಲ, ಹಾಗೇ ಎತ್ತಿಡುತ್ತದೆ. ಕೊಲೆಸ್ಟರಾಲ್ ಎಸ್ಟರ್ ಅನ್ನೋ ರೂಪದಲ್ಲಿ ಕೋಶದೊಳಗೆ ಸಣ್ಣ ಸಣ್ಣ ಹನಿಗಳಾಗಿ ಅದು ಕೂಡಿಡಲ್ಪಡುತ್ತದೆ.

ಈ ಹನಿಗಳ ಬಗ್ಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ತಂಡ 2014ರಲ್ಲಿ ಒಂದು ಕೆಲಸ ಪ್ರಕಟಿಸಿತು. ನಾನು ಓದಿದ್ದರಲ್ಲಿ ನನ್ನನ್ನು ಜಾಸ್ತಿ ಹಿಡಿದಿಟ್ಟದ್ದು ಅದೇ. ಆಪರೇಷನ್‌ನಲ್ಲಿ ತೆಗೆದ ತುಣುಕುಗಳನ್ನು ಅವರು ನೋಡಿದರು. ಸಹಜ ಪ್ರಾಸ್ಟೇಟ್‌ನಲ್ಲಿ, ವಯಸ್ಸಿಗೆ ಸುಮ್ನೆ ದೊಡ್ಡದಾದ ಪ್ರಾಸ್ಟೇಟ್‌ನಲ್ಲಿ ಎಸ್ಟರ್ ಕೂಡಿದ್ದು ಕಾಣಲಿಲ್ಲ. ಉಗ್ರ ಸ್ವರೂಪದ ಗಡ್ಡೆಗಳಲ್ಲಿ, ಬೇರೆ ಅಂಗಗಳಿಗೆ ಹರಡಿದ ಗಡ್ಡೆಗಳಲ್ಲಿ ಕಂಡಿತು. ಪಿಟೆನ್ ಅನ್ನೋ ಒಂದು ಜೀನ್ ಕಳೆದುಹೋದಾಗ ಹೀಗಾಗುತ್ತದೆ, ಆ ಕೊಲೆಸ್ಟರಾಲ್ ಬರೋದು ಹೊರಗಿನ ಎಲ್‌ಡಿಎಲ್‌ನಿಂದ ಅಂತಲೂ ತೋರಿಸಿದರು. ಎಸ್ಟರ್ ಕೂಡಿಡುವುದನ್ನು ತಡೆದಾಗ ಇಲಿಗಳಲ್ಲಿ ಗಡ್ಡೆ ಬೆಳೆಯೋದು ನಿಧಾನವಾಯಿತು. ಇಲಿಗಳಲ್ಲಿ. ಮನುಷ್ಯರಲ್ಲಿ ಅಲ್ಲ. ಪುಡಿಯವನು ನುಂಗಿಹಾಕುವ ಮಾತು ಇದು.

ಇನ್ನೊಂದು ರಿಸೆಪ್ಟರ್ ಇದೆ, ಎಸ್‌ಆರ್-ಬಿ1. ಇದು ಎಚ್‌ಡಿಎಲ್ ಕಣದಿಂದ ಕೊಲೆಸ್ಟರಾಲನ್ನು ಬಿಡಿಸಿಕೊಂಡು, ಕಣವನ್ನು ಹಾಗೇ ಹೋಗಲು ಬಿಡುತ್ತದೆ. ಎಚ್‌ಡಿಎಲ್ ರಿಸೆಪ್ಟರ್ ಇದೇ ಅಂತ 1996ರಲ್ಲಿ ಗುರುತಿಸಿದ್ದು ಅಮೆರಿಕದ ಎಂಐಟಿಯ ಮಾಂಟಿ ಕ್ರೀಗರ್ ಅವರ ತಂಡ. ಲಿವರ್, ಅಡ್ರಿನಲ್ ಗ್ರಂಥಿ, ವೃಷಣ ಇಂಥ ಕಡೆ ಇದು ಜಾಸ್ತಿ. ಅಡ್ರಿನಲ್ ಮತ್ತು ವೃಷಣದಲ್ಲಿ ಯಾಕೆ ಅಂದರೆ, ಅವು ಹಾರ್ಮೋನ್ ಮಾಡುವ ಜಾಗಗಳು, ಟೆಸ್ಟೋಸ್ಟೆರೋನ್ ತಯಾರಾಗೋದು ಕೊಲೆಸ್ಟರಾಲ್‌ನಿಂದಲೇ. ಇಲ್ಲಿಗೆ ಎರಡು ಕತೆ ಕೂಡುತ್ತವೆ. ಗಂಡು ಹಾರ್ಮೋನ್ ತಗ್ಗಿಸಿದರೆ ಪ್ರಾಸ್ಟೇಟ್ ಕ್ಯಾನ್ಸರ್ ಹಿಂಜರಿಯುತ್ತದೆ ಅಂತ ಅಮೆರಿಕದ ವೈದ್ಯ ಚಾರ್ಲ್ಸ್ ಹಗ್ಗಿನ್ಸ್ ತೋರಿಸಿದ್ದು 1941ರಲ್ಲಿ. ಅದಕ್ಕೆ 1966ರಲ್ಲಿ ನೊಬೆಲ್ ಬಂತು. ಇವತ್ತಿಗೂ ಹರಡಿದ ಕಾಯಿಲೆಗೆ ಇಂಜೆಕ್ಷನ್ ಕೊಡೋದು, ಬೀಜ ತೆಗೆಯುವ ಆಪರೇಷನ್ ಮಾಡೋದು ಅದೇ ಲೆಕ್ಕದ ಮೇಲೆ. ಆದರೆ ಕೆಲವು ಕಾಲದ ಮೇಲೆ ಗಡ್ಡೆ ಮತ್ತೆ ತಲೆ ಎತ್ತುತ್ತದೆ. ರಕ್ತದಲ್ಲಿ ಟೆಸ್ಟೋಸ್ಟೆರೋನ್ ಇಲ್ಲದಂತಾದರೂ ಪಿಎಸ್‌ಎ ಏರುತ್ತದೆ. ಇದಕ್ಕಿರುವ ಕಾರಣಗಳಲ್ಲಿ ಒಂದು, ಗಡ್ಡೆ ತನಗೆ ಬೇಕಾದ ಹಾರ್ಮೋನನ್ನು ತಾನೇ ಮಾಡಿಕೊಳ್ಳಲು ಕಲಿಯುತ್ತದೆ. ಮಾಡಿಕೊಳ್ಳೋಕೆ ಕಚ್ಚಾ ಮಾಲು ಬೇಕಲ್ಲ? ಅದೇ ಕೊಲೆಸ್ಟರಾಲ್.

ಕೆನಡಾದ ವ್ಯಾಂಕೂವರ್‌ನ ಸಂಶೋಧಕರು ಲ್ಯಾಬಿನ ಕ್ಯಾನ್ಸರ್ ಕೋಶಗಳಲ್ಲಿ ಎಸ್‌ಆರ್-ಬಿ1 ತಗ್ಗಿಸಿದಾಗ ಕೋಶಗಳು ಸೊರಗಿದವು, ಪಿಎಸ್‌ಎ ಸುರಿಸುವುದೂ ಇಳಿಯಿತು. ರೋಗಿಗಳ ಗಡ್ಡೆಗಳನ್ನು ನೋಡಿದ 2015ರ ಒಂದು ಅಧ್ಯಯನದಲ್ಲಿ ಈ ರಿಸೆಪ್ಟರ್ ಜಾಸ್ತಿ ಇದ್ದವರಲ್ಲಿ ಕಾಯಿಲೆ ಬೇಗ ಮರಳುವುದು ಕಂಡಿತು. ಎಚ್‌ಡಿಎಲ್ ಅಂದರೆ ಒಳ್ಳೆ ಕೊಲೆಸ್ಟರಾಲ್ ಅಂತ ನಾವು ಲ್ಯಾಬಿನವರು ದಿನಾ ಹೇಳ್ತೀವಿ. ಹೃದಯದ ಮಟ್ಟಿಗೆ ಆ ಮಾತಿಗೆ ಅರ್ಥ ಇದೆ. ಗಡ್ಡೆಗೆ ಮಾತ್ರ ಒಳ್ಳೇದು ಕೆಟ್ಟದ್ದು ಅಂತ ಭೇದ ಇಲ್ಲ, ಯಾವ ಕಣದಿಂದ ಸಿಕ್ಕರೂ ಆದೀತು.

ಹಾಗಾದರೆ ಕೊಲೆಸ್ಟರಾಲ್ ಇಳಿಸಿದರೆ ಕ್ಯಾನ್ಸರ್ ಹೋಗುತ್ತಾ? ಇಲ್ಲ. ಹಾಗೆ ಹೇಳಲು ಯಾರ ಬಳಿಯೂ ಆಧಾರ ಇಲ್ಲ. ಗಡ್ಡೆ ರಕ್ತದಿಂದ ಎಳೆದುಕೊಳ್ಳುವುದರ ಜೊತೆಗೆ ತಾನೂ ಕೊಲೆಸ್ಟರಾಲ್ ಮಾಡಿಕೊಳ್ಳಬಲ್ಲದು. ಎಲ್ಲ ಗಡ್ಡೆಗಳೂ ಒಂದೇ ತರಹ ಇರಲ್ಲ. ಸ್ಟಾಟಿನ್ ತಗೊಳ್ಳುವ ಗಂಡಸರಲ್ಲಿ ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರ್ ಕಡಿಮೆ ಅಂತ ಹಲವು ದೊಡ್ಡ ಅಧ್ಯಯನಗಳು ಹೇಳಿವೆ. ಆದರೆ ಅವು ಜನರನ್ನು ಗಮನಿಸಿ ಬರೆದ ಲೆಕ್ಕಗಳು. ಸ್ಟಾಟಿನ್ ತಗೊಳ್ಳುವವರು ಡಾಕ್ಟರ ಹತ್ತಿರ ಹೆಚ್ಚು ಹೋಗುವವರು, ಅವರ ಕಾಯಿಲೆ ಬೇಗ ಸಿಕ್ಕಿರಲೂಬಹುದು. ಹಾಗಾಗಿ ಕ್ಯಾನ್ಸರ್‌ಗೆ ಅಂತ ಸ್ಟಾಟಿನ್ ಕೊಡಿ ಅಂತ ನಾನು ಕೇಳುತ್ತಿಲ್ಲ. ಹೃದಯಕ್ಕೆ ಬೇಕಾದವರಿಗೆ ಅದನ್ನು ನಿಲ್ಲಿಸಲು ಬಿಡಬೇಡಿ ಅಂತ ಕೇಳುತ್ತಿದ್ದೇನೆ. ಸ್ಟಾಟಿನ್ ಕೆಲಸ ಮಾಡೋದು ಕೂಡ ರಿಸೆಪ್ಟರ್ ಮೂಲಕವೇ. ಲಿವರ್‌ನಲ್ಲಿ ಕೊಲೆಸ್ಟರಾಲ್ ತಯಾರಿ ತಗ್ಗಿಸಿದರೆ, ಲಿವರ್ ತನ್ನ ಮೈಮೇಲೆ ಎಲ್‌ಡಿಎಲ್ ರಿಸೆಪ್ಟರ್ ಜಾಸ್ತಿ ಮಾಡಿಕೊಂಡು ರಕ್ತದ ಎಲ್‌ಡಿಎಲ್ ಎಳೆದುಕೊಳ್ಳುತ್ತದೆ. ಗಡ್ಡೆಯಲ್ಲಿ ನಮಗೆ ಬೇಡವಾದ ರಿಸೆಪ್ಟರ್ ಲಿವರ್‌ನಲ್ಲಿ ನಮ್ಮ ಕೆಲಸಕ್ಕೆ ಬರುತ್ತದೆ.

ಕಾಕಾನ ಸ್ಟಾಟಿನ್ ಮತ್ತೆ ಶುರುವಾಯಿತು. ಹೃದಯದ ಡಾಕ್ಟರು ಗುಳಿಗೆ ಪ್ರಮಾಣ ಹೆಚ್ಚಿಸಿದರು, ಎಲ್‌ಡಿಎಲ್ ಇಳಿಯಿತು. ಪಿಎಸ್‌ಎ ಮುಂದೆ ಏರಿದಾಗ ಅಬಿರಾಟೆರೋನ್ ಗುಳಿಗೆ ಬರೆದರು. ಕೊಲೆಸ್ಟರಾಲ್‌ನಿಂದ ಟೆಸ್ಟೋಸ್ಟೆರೋನ್ ಆಗುವ ದಾರಿಯಲ್ಲಿರುವ ಒಂದು ಕಿಣ್ವವನ್ನು ತಡೆಯುವ ಗುಳಿಗೆ ಇದು. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆಯಿತು, ಈಗ ನಮ್ಮಲ್ಲೇ ಜೆನೆರಿಕ್ ಸಿಗುತ್ತದೆ. ಇದನ್ನು ಖಾಲಿ ಹೊಟ್ಟೆಯಲ್ಲೇ ತಗೋಬೇಕು. ಜಿಡ್ಡಿನ ಊಟದ ಜೊತೆ ತಗೊಂಡರೆ ರಕ್ತಕ್ಕೆ ಸೇರುವ ಪ್ರಮಾಣ ಹತ್ತು ಪಟ್ಟಿನವರೆಗೂ ಏರಬಹುದು. ಜೊತೆಗೆ ಕೊಡುವ ಪ್ರೆಡ್ನಿಸೋಲೋನ್ ಅನ್ನೋ ಸ್ಟೀರಾಯ್ಡ್ ಗುಳಿಗೆ ಮಾತ್ರ ಊಟದ ಜೊತೆ. ಅವರಿಗೆ ಕೊಟ್ಟ ಕಾಗದದ ಕವರ್ ಇನ್ನೂ ನನ್ನ ಹತ್ತಿರ ಇದೆ. ಎರಡೂ ಗುಳಿಗೆ ಒಂದೇ ಕವರಿನಲ್ಲಿ. ಮೇಲೆ ನೀಲಿ ಪೆನ್ನಿನಲ್ಲಿ ಒಂದೇ ಮಾತು: ಊಟದ ನಂತರ.

ಅಷ್ಟು ದುಬಾರಿ ಗುಳಿಗೆ, ಅಷ್ಟು ಓದಿದ ಡಾಕ್ಟರು, ಕೊನೆಗೆ ಎಲ್ಲ ನಿಂತದ್ದು ಆ ಕವರಿನ ಮೇಲೆ. ಇದಕ್ಕೆ ಯಾರನ್ನು ಬೈಯೋದು? ಹೊರರೋಗಿ ವಿಭಾಗದಲ್ಲಿ ಸಾಲು ಬಾಗಿಲಾಚೆವರೆಗೆ ಇರುತ್ತದೆ, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ಕರೆ ದೊಡ್ಡದು. ನಾನು ಅದನ್ನು ಕಣ್ಣಾರೆ ನೋಡಿದ್ದೇನೆ. ಡಾಕ್ಟರಿಗೆ ಹೊತ್ತಿಲ್ಲ ಅಂದಮೇಲೆ ವ್ಯವಸ್ಥೆಯಾದರೂ ಹೇಳಬೇಕಲ್ಲ?

ಮಾನ್ಯರೇ, ನನ್ನ ಬೇಡಿಕೆಗಳಿಗೆ ದೊಡ್ಡ ಬಜೆಟ್ ಬೇಡ.

ಹಾರ್ಮೋನ್ ಚಿಕಿತ್ಸೆ ಶುರು ಮಾಡುವ ಮುಂಚೆ ಒಮ್ಮೆ, ಆಮೇಲೆ ಪಿಎಸ್‌ಎ ನೋಡುವಾಗ ಆಗಾಗ, ಲಿಪಿಡ್ ಪ್ರೊಫೈಲ್ ಮತ್ತು ಸಕ್ಕರೆ ಪರೀಕ್ಷೆ ಕಡ್ಡಾಯವಾಗಲಿ. ಆರೋಗ್ಯ ಕರ್ನಾಟಕ ಯೋಜನೆಯಡಿ ಬರುವ ರೋಗಿಗೆ "ಹೊರಗ ಮಾಡಿಸ್ಕೋರಿ" ಅನ್ನೋ ಮಾತು ಬರದಿರಲಿ. ಲ್ಯಾಬಿನವನಾಗಿ ಒಂದು ಮಾತು ಹೇಳುತ್ತೇನೆ: ಪಿಎಸ್‌ಎಗೆ ತೆಗೆಯುವ ಅದೇ ಟ್ಯೂಬಿನ ಸೀರಂನಲ್ಲೇ ಲಿಪಿಡ್ ಪ್ರೊಫೈಲ್ ಆಗುತ್ತದೆ. ಇನ್ನೊಂದು ಸಲ ಸೂಜಿ ಚುಚ್ಚಬೇಕಿಲ್ಲ. ಪಿಎಸ್‌ಎಗಿಂತ ಅದರ ಖರ್ಚೂ ಕಡಿಮೆ. ಚೀಟಿಯಲ್ಲಿ ಇನ್ನೊಂದು ಸಾಲು ಬರೆದರೆ ಮುಗೀತು.

ಈ ಹಿರಿಯರ ಬಿಪಿ, ಸಕ್ಕರೆ, ಕೊಲೆಸ್ಟರಾಲ್ ನೋಡೋಕೆ ಹುಬ್ಬಳ್ಳಿಯೇ ಆಗಬೇಕಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲಿ ಎನ್‌ಸಿಡಿ (ಬಿಪಿ, ಸಕ್ಕರೆಯಂಥ ಅಂಟದ ಕಾಯಿಲೆಗಳ) ಕ್ಲಿನಿಕ್‌ಗಳಿವೆ. ಕ್ಯಾನ್ಸರ್ ವೈದ್ಯರು ಒಂದು ಪತ್ರ ಬರೆದು ಅಲ್ಲಿಗೆ ಜೋಡಿಸಿದರೆ ಸಾಕು. ಈಗ ಆಗುತ್ತಿರುವುದು ಏನೆಂದರೆ, ಕ್ಯಾನ್ಸರ್ ಇದ್ದವರನ್ನು ತಾಲ್ಲೂಕಿನವರು "ನಿಮ್ಮದು ಹುಬ್ಬಳ್ಳಿ ಕೇಸು" ಅಂತ ಕಳಿಸುತ್ತಾರೆ, ಹುಬ್ಬಳ್ಳಿಯ ಕ್ಯಾನ್ಸರ್ ವೈದ್ಯರು "ಹೃದಯದ್ದು ನಮ್ಮದಲ್ಲ" ಅಂತಾರೆ.

ಒಂದು ಪುಟದ ಕರಪತ್ರ ಬೇಕು. ಕನ್ನಡದಲ್ಲಿ, ಚಾಳೀಸು ಇಲ್ಲದೆಯೂ ಓದುವಷ್ಟು ದಪ್ಪ ಅಕ್ಷರದಲ್ಲಿ. ಇಂಜೆಕ್ಷನ್‌ನಿಂದ ಏನು ಬದಲಾಗುತ್ತದೆ, ಯಾವ ಗುಳಿಗೆ ಖಾಲಿ ಹೊಟ್ಟೆಗೆ, ಯಾವುದು ಊಟಕ್ಕೆ, ಯಾವ ಗುಳಿಗೆ ಕೇಳದೆ ನಿಲ್ಲಿಸಬಾರದು, ಏನು ತಿನ್ನಬಹುದು. ತಿನ್ನೋದರ ಬಗ್ಗೆ ನಮ್ಮ ಕಡೆಯ ಊಟವನ್ನೇ ಇಟ್ಟುಕೊಂಡು ಬರೆಯಿರಿ. ಓಟ್ಸ್, ಆಲಿವ್ ಎಣ್ಣೆ ಅಂತ ಬರೆದರೆ ನರಗುಂದದ ರೈತನಿಗೆ ಅದು ಏನು ಉಪಯೋಗ? ಜೋಳದ ರೊಟ್ಟಿ, ಕಾಳು ಪಲ್ಯ, ಮಿತವಾಗಿ ಶೇಂಗಾ ಹಿಂಡಿ ತಿನ್ನಬಹುದು; ಡಾಲ್ಡಾ, ಸುಟ್ಟ ಎಣ್ಣೆಯಲ್ಲೇ ಮತ್ತೆ ಮತ್ತೆ ಕರಿದ ಮಿರ್ಚಿ ಭಜಿ ಬಿಡಬೇಕು ಅಂತ ಬರೆಯಿರಿ. (ಗದಗದವನಾಗಿ ಈ ಕೊನೆಯ ಮಾತು ಬರೆಯುವಾಗ ನನಗೂ ಸಂಕಟವೇ.)

ಪುಡಿ ಮಾರುವವರ ಮೇಲೆ ಕಾನೂನು ಈಗಾಗಲೇ ಇದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ಪ್ರಕಾರ ಕ್ಯಾನ್ಸರ್ ಗುಣಪಡಿಸುತ್ತೇವೆ ಅಂತ ಜಾಹೀರಾತು ಕೊಡುವಂತೆಯೇ ಇಲ್ಲ. ಆದರೂ ಬಸ್ ನಿಲ್ದಾಣದ ಗೋಡೆ ಮೇಲೆ, ಫೋನಿನಲ್ಲಿ, ಜಾತ್ರೆಯ ವ್ಯಾನಿನ ಮೈಕಿನಲ್ಲಿ ದಿನಾ ಕೇಳಿಸುತ್ತದೆ. ಔಷಧ ನಿಯಂತ್ರಣ ಇಲಾಖೆಯವರು ಮೆಡಿಕಲ್ ಅಂಗಡಿಗಳ ಬಿಲ್ಲು ನೋಡೋದರಲ್ಲಿ ತೋರಿಸುವ ಉತ್ಸಾಹದಲ್ಲಿ ಕಾಲು ಭಾಗವನ್ನು ಇತ್ತ ತೋರಿಸಿದರೂ ಎಷ್ಟೋ ಮನೆ ಉಳಿಯುತ್ತವೆ.

ಊರೂರಿಗೆ ಪಿಎಸ್‌ಎ ಶಿಬಿರ ಮಾಡಿ ಅಂತ ಮಾತ್ರ ನಾನು ಕೇಳುತ್ತಿಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಇಂಥ ಪತ್ರ ಬಂದ ಕೂಡಲೇ ಬ್ಯಾನರ್ ಕಟ್ಟಿ ಶಿಬಿರ ಮಾಡೋದು ನಮ್ಮಲ್ಲಿ ಸುಲಭದ ಉತ್ತರ. ಪ್ರಾಸ್ಟೇಟ್ ಸುಮ್ನೆ ದೊಡ್ಡದಾದರೂ, ಮೂತ್ರದ ಸೋಂಕು ಇದ್ದರೂ ಪಿಎಸ್‌ಎ ಏರುತ್ತದೆ. ಎಲ್ಲರಿಗೂ ಮಾಡುತ್ತಾ ಹೋದರೆ ಬೇಡದ ಬಯಾಪ್ಸಿ, ಬೇಡದ ಭಯ. ಅಮೆರಿಕದವರೇ 2012ರಲ್ಲಿ ಬೇಡ ಅಂದು, 2018ರಲ್ಲಿ 55ರಿಂದ 69 ವರ್ಷದವರು ಡಾಕ್ಟರ ಜೊತೆ ಮಾತಾಡಿ ತಾವೇ ತೀರ್ಮಾನಿಸಲಿ ಅಂತ ಬದಲಿಸಿಕೊಂಡರು. ನಾನು ಕೇಳುತ್ತಿರುವುದು ಕಾಯಿಲೆ ಈಗಾಗಲೇ ಗೊತ್ತಾಗಿ, ಚಿಕಿತ್ಸೆಯಲ್ಲಿ ಇರುವವರ ಬಗ್ಗೆ.

ವೈದ್ಯಕೀಯ ಕಾಲೇಜುಗಳವರಿಗೂ ಒಂದು ಕೋರಿಕೆ ಇದೆ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ ನಾಲ್ಕೂ ಕಡೆ ಈಗ ವೈದ್ಯಕೀಯ ಕಾಲೇಜುಗಳಿವೆ. ಬಯಾಪ್ಸಿ ತುಣುಕುಗಳನ್ನು ಪೆಥಾಲಜಿ ವಿಭಾಗಗಳಲ್ಲಿ ಮೇಣದ ಬ್ಲಾಕ್ ಮಾಡಿ ಇಟ್ಟಿರುತ್ತಾರೆ. ಎಸ್‌ಆರ್-ಬಿ1, ಎಲ್‌ಡಿಎಲ್ ರಿಸೆಪ್ಟರ್ ಎಷ್ಟಿವೆ ಅಂತ ಅವಕ್ಕೆ ಬಣ್ಣ ಹಾಕಿ ನೋಡುವ ವಿಧಾನ ಹೊಸದೇನಲ್ಲ. ರೋಗಿಗಳ ಒಪ್ಪಿಗೆ ಪಡೆದು, ಅದರ ಪಕ್ಕಕ್ಕೆ ಅವರ ಲಿಪಿಡ್ ವರದಿ, ಪಿಎಸ್‌ಎ ಏರಿಳಿತ ಇಟ್ಟು ನೋಡಿದರೆ ನಮ್ಮ ಜನರ ಗಡ್ಡೆಗಳ ಬಗ್ಗೆ ನಮ್ಮದೇ ಮಾಹಿತಿ ಸಿಗುತ್ತದೆ. ವ್ಯಾಂಕೂವರ್‌ನಲ್ಲಿ, ಪರ್ಡ್ಯೂದಲ್ಲಿ ಆದದ್ದನ್ನು ನಾನು ಇಲ್ಲಿ ಬರೆದೆ. ಹುಬ್ಬಳ್ಳಿಯಲ್ಲಿ ಆದದ್ದನ್ನು ಬರೆಯುವ ಅವಕಾಶ ಯಾರಾದರೂ ಒಬ್ಬ ಎಂಡಿ ವಿದ್ಯಾರ್ಥಿ ಕೊಡಲಿ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಹೇಗೂ ಇದ್ದೇ ಇರುತ್ತಾರೆ.

ಕರಪತ್ರದ ಕರಡನ್ನು ನಾನು ಬರೆದಿಟ್ಟಿದ್ದೇನೆ, ಈ ಪತ್ರದ ಜೊತೆ ಜಿಲ್ಲಾ ಆರೋಗ್ಯ ಅಧಿಕಾರಿಗಳ ಕಚೇರಿಗೆ ಕೊಡುತ್ತೇನೆ. ತಿಳಿದ ವೈದ್ಯರೊಬ್ಬರು ಅದನ್ನು ಓದಿ, ತಪ್ಪಿದ್ದಲ್ಲಿ ತಿದ್ದಿ, ಸಹಿ ಮಾಡಿ ಕೊಟ್ಟರೆ ಅಚ್ಚು ಹಾಕಿಸುವ ಖರ್ಚು ನಮ್ಮ ಲ್ಯಾಬಿನದು. ಸಹಿ ಇಲ್ಲದೆ ನಾನು ಹಂಚುವುದಿಲ್ಲ. ಹಾಗೆ ಹಂಚಿದರೆ ನನಗೂ ಆ ಪುಡಿಯವನಿಗೂ ಏನು ವ್ಯತ್ಯಾಸ?

ತಮ್ಮ ಉತ್ತರಕ್ಕೆ ಕಾಯುತ್ತಾ,

ತಮ್ಮ ವಿಶ್ವಾಸಿ,
ಗದಗದ ಒಬ್ಬ ಲ್ಯಾಬ್ ಟೆಕ್ನೀಷಿಯನ್